ಕ್ಯಾಸನೂರಿನ ಕಾಡು

ಮಲೆನಾಡಿನ ಸೀಮೆಗಳಲ್ಲಿ ಸೊರಬದ್ದು ಒಂದು ಬೇರೆಯೇ ಬಗೆಯ ಸೊಬಗು. ಆಗುಂಬೆಯ ಕಡಿದಾದ ಘಟ್ಟವಾಗಲಿ, ಜೋಗದ ಭೋರ್ಗರೆತವಾಗಲಿ ಇಲ್ಲಿಲ್ಲ. ಮಲೆಯು ತನ್ನ ಬಿಗುಮಾನವನ್ನು ಬಿಟ್ಟು ಬಯಲಿನ ಕೈ ಹಿಡಿಯುವ ಎಡೆಯಿದು. ಸಾಗರದಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಸಾಗಿದರೆ ದಂಡಾವತಿಯ ದಡದ ಮೇಲಿರುವ ಈ ಊರು ಎದುರಾಗುತ್ತದೆ. ಶ್ರೀಗಂಧದ ಕೊರಡಿನಲ್ಲಿ ದೇವರನ್ನೂ ಆನೆಯನ್ನೂ ಹೂಬಳ್ಳಿಯನ್ನೂ ಒಡಮೂಡಿಸುವ ಗುಡಿಗಾರರ ಊರು ಇದು. ಒಂದು ದಿಕ್ಕಿಗೆ ಚಂದ್ರಗುತ್ತಿಯ ಬೆಟ್ಟ, ಅಲ್ಲಿ ರೇಣುಕಾಂಬೆಯ ಗುಡಿ. ಇನ್ನೊಂದು ದಿಕ್ಕಿಗೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳ ಸಂತೆ ನೆರೆಯುವ ಗುಡವಿಯ ಕೆರೆ. ತಾಲ್ಲೂಕಿನ ಗಡಿ ದಾಟಿದರೆ ಆದಿಕವಿ ಪಂಪನ ಮನಸ್ಸನ್ನು ಸೆರೆಹಿಡಿದ ಬನವಾಸಿ.

ಇಷ್ಟೆಲ್ಲ ಸಿರಿಯಿದ್ದರೂ ಲೋಕದ ವೈದ್ಯಗ್ರಂಥಗಳಲ್ಲಿ ಈ ಸೀಮೆಗೆ ಹೆಸರು ಬಂದದ್ದು ಕದಂಬರಿಂದಲೂ ಅಲ್ಲ, ಕವಿಯಿಂದಲೂ ಅಲ್ಲ. ಎಳ್ಳುಕಾಳಿಗಿಂತ ಹಿರಿದಲ್ಲದ ಒಂದು ಕ್ಷುದ್ರ ಜೀವಿಯಿಂದ!

1957ರ ಬೇಸಗೆ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಕರಿಮೋರೆಯ ಮುಸುವಗಳೂ ಕೆಂಪುಮೋರೆಯ ಕೋತಿಗಳೂ ಸಾವಿನಲ್ಲಿ ಭೇದವೆಣಿಸಲಿಲ್ಲ. ಅದೇ ಹೊತ್ತಿಗೆ ಕಾಡಿನಂಚಿನ ಹಳ್ಳಿಗಳಲ್ಲಿ ಮನುಷ್ಯರಿಗೂ ಜ್ವರವೇರಿತು. ಆಗಿನ ಮೈಸೂರು ರಾಜ್ಯದ ಆರೋಗ್ಯಾಧಿಕಾರಿಗಳ ಕರೆಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಎಂಬವರು ಅವರಲ್ಲಿ ಪ್ರಮುಖರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವ ಬೇನೆಯೆಂದರೆ ಆಫ್ರಿಕಾ, ಅಮೆರಿಕಗಳ ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೇ ಎಂಬ ದಿಗಿಲು ಮೊದಲಿಗೆ ಹುಟ್ಟಿತು. ಪರೀಕ್ಷೆಯಲ್ಲಿ ಹೊರಬಿದ್ದದ್ದು ಬೇರೆಯೇ ವೈರಸ್ಸು. ಸೋಜಿಗವೆಂದರೆ ಅದರ ಹತ್ತಿರದ ನೆಂಟರು ಇದ್ದುದು ದೂರದ ರಷ್ಯದ ಹಿಮದ ಕಾಡುಗಳಲ್ಲಿ! ವಲಸೆಯ ಹಕ್ಕಿಗಳು ಇದನ್ನು ಹೊತ್ತು ತಂದವೋ ಎಂಬ ಊಹೆಯೂ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರ ಬಳಗವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಕ್ಕೆ ಈ ಊಹೆಯೂ ಒಂದು ಪ್ರೇರಣೆ.

ವಿದ್ವಾಂಸರು ಬೇನೆಗೆ ಕಾಡಿನ ಹೆಸರಿಟ್ಟು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದರು. ಜನರು ಕಂಡದ್ದನ್ನೇ ಹೆಸರಾಗಿಸಿ ‘ಮಂಗನ ಕಾಯಿಲೆ’ ಎಂದರು. ಪಾಪ, ಮಂಗವೂ ನಮ್ಮಂತೆಯೇ ಬಲಿಯಾದ ಪ್ರಾಣಿ! ಕಾಯಿಲೆಯನ್ನು ಮೈಯಿಂದ ಮೈಗೆ ದಾಟಿಸುವ ದೂತ ಉಣುಗು.

ಕಾದು ಕೂತ ಬೇಟೆಗಾರ

ಉಣುಗು ಹಾರಲಾರದು, ನೆಗೆಯಲಾರದು. ಹುಲ್ಲಿನ ತುದಿಯಲ್ಲೋ ತರಗೆಲೆಯ ಅಂಚಿನಲ್ಲೋ ಮುಂಗಾಲುಗಳನ್ನು ಚಾಚಿಕೊಂಡು ತಪಸ್ವಿಯಂತೆ ಕಾದಿರುತ್ತದೆ. ಹಾದುಹೋಗುವ ಪ್ರಾಣಿಯ ಉಸಿರನ್ನೂ ಮೈಬಿಸಿಯನ್ನೂ ಆ ಮುಂಗಾಲುಗಳಿಂದಲೇ ಅರಿತು, ಸೋಕಿದ ಕ್ಷಣದಲ್ಲಿ ಅಂಟಿಕೊಳ್ಳುತ್ತದೆ. ಮೊಟ್ಟೆಯೊಡೆದು ಬಂದಾಗ ಅದಕ್ಕೆ ಆರು ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟಮೇಲೆ ಎಂಟು ಕಾಲಿನ ಮರಿ. ಮತ್ತೊಮ್ಮೆ ಕುಡಿದರೆ ಪ್ರೌಢ ಉಣುಗು. ಪ್ರೌಢ ಉಣುಗುಗಳು ಮಳೆಗಾಲದಲ್ಲಿ ದನಕರುಗಳಂಥ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಾಡುವುದು ಎಂಟು ಕಾಲಿನ ಮರಿಯೇ. ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ; ಕಾಡು ಒಣಗಿ, ಎಲೆಯುದುರಿ, ಜನರು ಕಾಡಿಗೆ ಹೋಗುವ ಕಾಲವೂ ಅದೇ!

ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಚೆದರುತ್ತವೆ. ಆದುದರಿಂದಲೇ ಸತ್ತ ಮಂಗ ಕಂಡಲ್ಲಿ ಸುಳಿಯಬಾರದು, ಅದನ್ನು ಮುಟ್ಟಬಾರದು. ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಸುದ್ದಿ ಮುಟ್ಟಿಸಬೇಕು. ಆ ಜಾಗದ ಸುತ್ತ 50 ಮೀಟರಿನಷ್ಟು ನೆಲಕ್ಕೆ ಉಣುಗುನಾಶಕ ಪುಡಿಯನ್ನು ಎರಚುವುದು ವಾಡಿಕೆ.

ಹೋಗದೆ ವಿಧಿಯಿಲ್ಲ

‘ಹಾಗಾದರೆ ಕಾಡಿಗೆ ಹೋಗದಿದ್ದರಾಯಿತು’ ಎಂದು ಪೇಟೆಯ ಓದುಗರು ಹೇಳಬಹುದು. ಕಳೆದ ಮಾಘಮಾಸದಲ್ಲಿ ಶಾಸನಗಳನ್ನು ತೋರಿಸಲು ವಿದ್ಯಾರ್ಥಿಗಳೊಡನೆ ನಾನು ಈ ಸೀಮೆಯಲ್ಲಿ ತಿರುಗುತ್ತಿದ್ದಾಗ, ದರಕಿನ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ವೃದ್ಧೆಯೊಬ್ಬರ ಮುಂದೆ ನನ್ನ ವಿದ್ಯಾರ್ಥಿಯೊಬ್ಬನು ಅದೇ ಮಾತನ್ನಾಡಿದನು. ಆಕೆ ನಕ್ಕು, “ಹೋಗಬ್ಯಾಡಿ ಅಂತ ಎಲ್ಲಾರೂ ಹೇಳ್ತಾರೆ ಮಗಾ. ಹೋಗದಿದ್ರೆ ಕೊಟ್ಟಿಗೆಗೆ ಹಾಸೋದೇನು, ಒಲೆಗೆ ಇಡೋದೇನು?” ಎಂದರು. ಅವನು ನಿರುತ್ತರನಾದನು.

ಈ ಒಂದು ಮಾತಿನಲ್ಲಿ ಮಲೆನಾಡಿನ ಬಾಳುವೆಯೇ ಅಡಗಿದೆ. ತರಗೆಲೆ ಕೊಟ್ಟಿಗೆಯ ಹಾಸು, ಹಾಸು ಗೊಬ್ಬರ, ಗೊಬ್ಬರ ಅಡಕೆಯ ತೋಟದ ಅನ್ನ. ಇತ್ತ ಕಾಡು ತುಂಡುತುಂಡಾಗಿ, ಅದರ ಅಂಚಿನಲ್ಲಿ ಗದ್ದೆ, ತೋಟ, ದನಗಳ ಹಾದಿ ಹೆಚ್ಚಿದಂತೆಲ್ಲ ಉಣುಗಿಗೂ ಮನುಷ್ಯನಿಗೂ ಭೇಟಿ ಹೆಚ್ಚಿತು. ವಿಜ್ಞಾನಿ ಹೋರ್ಹೆ ಬೋಶೆಲ್ 1969ರಷ್ಟು ಹಿಂದೆಯೇ ಇದನ್ನು ಎತ್ತಿ ತೋರಿಸಿದ್ದರು. ಬಹುಕಾಲ ಶಿವಮೊಗ್ಗೆಯ ಸುತ್ತಲೇ ಇದ್ದ ಬೇನೆ ನೆರೆಯ ಜಿಲ್ಲೆಗಳಿಗೆ ಹಬ್ಬಿ, 2012ರ ಬಳಿಕ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳವರೆಗೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ತಂದ ಸಾವುನೋವು ಆ ಹಳ್ಳಿಗರಿಗೆ ಇಂದಿಗೂ ಹಸಿಯಾದ ಗಾಯ.

ರಕ್ಷೆಯ ದಾರಿ

1990ರಿಂದ ನೀಡುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ತಿಳಿದಮೇಲೆ 2022ರಲ್ಲಿ ಅದನ್ನು ನಿಲ್ಲಿಸಿದರು. ಈ ವೈರಸ್ಸನ್ನೇ ಕೊಲ್ಲುವ ಮದ್ದೂ ಇಲ್ಲ. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ.

ಚಾರಣಿಗನಿಗೂ ಸೌದೆ ತರುವವನಿಗೂ ನಿಯಮ ಒಂದೇ. ತುಂಬುತೋಳಿನ ಅಂಗಿ, ಉದ್ದನೆಯ ಷರಾಯಿ ತೊಡಬೇಕು; ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಬಟ್ಟೆ ತಿಳಿಬಣ್ಣದ್ದಾದರೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಕಾಡಿಗೆ ಕಾಲಿಡುವ ಮುನ್ನ ಕೈಕಾಲು, ಕುತ್ತಿಗೆಗಳಿಗೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಲೇಪಿಸಿಕೊಳ್ಳಬೇಕು; ಅದರ ಬಲ ಕೆಲವೇ ತಾಸಿನದು. ದಣಿವಾಯಿತೆಂದು ತರಗೆಲೆಯ ಮೇಲೆ ಕೂರುವುದು, ಒರಗುವುದು ಸಲ್ಲದು. ಮನೆಗೆ ಮರಳಿದೊಡನೆ ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಕಿವಿಯ ಹಿಂದೆ, ಕಂಕುಳು, ಸೊಂಟ, ತೊಡೆಯ ಸಂದು, ಮಂಡಿಯ ಹಿಂದೆ ಹುಡುಕಿ ನೋಡಬೇಕು. ಮಕ್ಕಳ ಮೈಯನ್ನು ಹಿರಿಯರು ನೋಡಬೇಕು.

ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಎಳೆದು ತೆಗೆಯಬೇಕು. ಬೀಡಿಯ ಕಿಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಲ್ಲಿ ಒರೆಯುವುದು ಬೇಡ. ಬಳಿಕ ಗಾಯವನ್ನು ಸಾಬೂನಿನಿಂದ ತೊಳೆಯಬೇಕು.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆನೋವು, ಮೈಯೆಲ್ಲ ಮುರಿದಂಥ ನೋವು ಕಾಣಿಸಿದರೆ ‘ಮಾಮೂಲಿ ಜ್ವರ’ವೆಂದು ಕಷಾಯ ಕುಡಿದು ಮಲಗಬಾರದು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುವುದುಂಟು. ಕೆಲವರಿಗೆ ಜ್ವರ ಬಿಟ್ಟು, ವಾರ ಕಳೆದು ಮತ್ತೆ ಬಂದು ಮಿದುಳನ್ನು ಬಾಧಿಸುವುದೂ ಉಂಟು. ರೋಗ ತಗಲಿದ ನೂರರಲ್ಲಿ ಮೂವರಿಂದ ಐವರು ಉಳಿಯುವುದಿಲ್ಲ. ಬೇಗನೆ ಆಸ್ಪತ್ರೆ ಸೇರಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸಿಕೊಂಡರೆ ಬದುಕುವ ಭರವಸೆ ಹೆಚ್ಚು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು. ರೋಗಿಯ ಆರೈಕೆಗೆ ಅಂಜಬೇಕಾಗಿಲ್ಲ.

ಚಂದ್ರಗುತ್ತಿಯ ಬೆಟ್ಟವನ್ನೇರಿದರೆ ಸುತ್ತಣ ಕಾಡು ಹಸಿರು ಕಂಬಳಿಯಂತೆ ಹರಡಿರುವುದನ್ನು ಕಾಣಬಹುದು. ಅದನ್ನು ನೋಡಲು ಬನ್ನಿ. ಬರಬೇಡಿರೆಂದು ಹೇಳುವಷ್ಟು ಅರಸಿಕತನ ನನಗಿಲ್ಲ. ಆದರೆ ದೇಗುಲದ ಬಾಗಿಲಲ್ಲಿ ಕಾಲು ತೊಳೆದು ಒಳಹೋಗುವ ನಾವು ಕಾಡಿಗೂ ಅದರದೇ ಆದ ಮಡಿಯಿದೆಯೆಂಬುದನ್ನು ಮರೆಯಬಾರದು. ನೋಡಲು ಬಂದವರು ಒಂದು ದಿನ ಅದನ್ನು ಪಾಲಿಸಿ ಹಿಂತಿರುಗುತ್ತಾರೆ. ದರಕಿನ ಹೊರೆ ಹೊತ್ತವರು ಬಾಳೆಲ್ಲ ಪಾಲಿಸಬೇಕು. ಒಂದು ಶೀಶೆ ಎಣ್ಣೆ, ಒಂದು ತುಂಬುತೋಳಿನ ಅಂಗಿ, ಸಮಯಕ್ಕೆ ದೊರೆಯುವ ಒಬ್ಬ ವೈದ್ಯ—ಇಷ್ಟು ಅವರ ಮನೆಬಾಗಿಲಿಗೆ ತಪ್ಪದೆ ತಲುಪಿದರೆ ಕ್ಯಾಸನೂರು ಮತ್ತೆ ಬರಿಯ ಒಂದು ಕಾಡಿನ ಹೆಸರಾದೀತು.