ಒಂದೇ ತೂಕದ ಎಣ್ಣೆ

ಚಳ್ಳಕೆರೆಯವರಿಗೆ ತಕ್ಕಡಿಯ ಮೇಲೆ ಬಹಳ ನಂಬಿಕೆ. ಎಣ್ಣೆ ಮಿಲ್ಲುಗಳ ಊರು. ಶೇಂಗಾ ಚೀಲ ತೂಗಿದ ಮೇಲೆ ಮಾತಿಲ್ಲ. ಆ ಊರಿನವಳಾದ ನಾನು ಈಗ ದುಡಿಯುವುದೂ ಒಂದು ತಕ್ಕಡಿಯ ಮುಂದೆಯೇ. ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳನ್ನು ತೂಗುವ ಯಂತ್ರ. "ತೂಗೋದು ಅದೇ ಅಂದ್ಮೇಲೆ ಅದರ ಮುಂದೆ ಆ ಕೊಳವೆ ಯಾಕವ್ವಾ?" ಎಂದು ಅಪ್ಪ ಕೇಳಿದ್ದರು. ಕೊಳವೆ ಎಂದರೆ ಕ್ರೊಮ್ಯಾಟೊಗ್ರಫಿಯ ಕಾಲಂ, ಸಿಲಿಕಾ ಪುಡಿಯನ್ನು ಒತ್ತಿ ತುಂಬಿದ ಗೇಣುದ್ದದ ಉಕ್ಕಿನ ನಳಿಗೆ.

ಅಮ್ಮನ ತವರು ಮೊಳಕಾಲ್ಮುರು. ಹಾಗಾಗಿ ರೇಷ್ಮೆಯ ಬಣ್ಣದಿಂದಲೇ ಶುರು ಮಾಡಿದೆ. ನೀಲಿ ಗಿಡದ ಬಣ್ಣದಲ್ಲಿ ಇಂಡಿಗೋಟಿನ್ ಎಂಬ ನೀಲಿಯ ಜೊತೆ ಇಂಡಿರುಬಿನ್ ಎಂಬ ಕೆಂಪೂ ಸ್ವಲ್ಪ ಇರುತ್ತದೆ. ಎರಡರ ಅಣುತೂಕವೂ 262. ಕಣ್ಣಿಗೆ ಬೇರೆ, ತಕ್ಕಡಿಗೆ ಒಂದೇ. ಇವನ್ನು ಒಂದು ಕಾಲಂ ಸುಲಭವಾಗಿ ಬಿಡಿಸುತ್ತದೆ. ಪುಡಿಗೆ ಹೆಚ್ಚು ಅಂಟಿಕೊಂಡದ್ದು ತಡವಾಗಿ ಹೊರಬರುತ್ತದೆ.

ಕಾಟ ಕೊಡುವುದು ನಮ್ಮೂರಿನ ಎಣ್ಣೆ. ಅದರ ಒಂದೊಂದು ಅಣುವಿನಲ್ಲೂ ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡಿರುತ್ತವೆ. ಮೂರೂ ಓಲಿಯಿಕ್ ಆದರೆ ತೂಕ ಸುಮಾರು 885. ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್ ಒಂದೊಂದಿದ್ದರೂ ಅದೇ 885. ಕಾಲಂಗೆ ಅಂಟುವುದೂ ಹೆಚ್ಚುಕಡಿಮೆ ಸಮ. ಅಣುವನ್ನು ಒಡೆದು ನೋಡಬಹುದು, ನಿಜ. ಆದರೆ ಎರಡೂ ಒಟ್ಟಿಗೆ ಬಂದರೆ ಚೂರುಗಳೂ ಕಲಸಿಕೊಂಡೇ ಬರುತ್ತವೆ. ಇಂಥ ಹತ್ತಾರು ಅಣುಗಳು ಯಾವ ಪ್ರಮಾಣದಲ್ಲಿವೆ ಎಂಬುದೇ ಎಣ್ಣೆಯ ಗುರುತು. ಶೇಂಗಾ ಎಣ್ಣೆಗೆ ಪಾಮ್ ಎಣ್ಣೆ ಬೆರೆಸಿದರೆ ಕೆಡುವುದು ಆ ಲೆಕ್ಕ.

ಆಗ ಎರಡು ಕಾಲಂಗಳನ್ನು ಒಂದರ ಹಿಂದೊಂದು ಜೋಡಿಸುತ್ತೇವೆ. ಸಸ್ಯದ ಎಣ್ಣೆಗಳಿಗಾಗಿ ಚೆಕ್ ದೇಶದ ವಿಜ್ಞಾನಿಗಳು 30 ಮತ್ತು 15 ಸೆಂಟಿಮೀಟರಿನ ಕಾಲಂಗಳನ್ನು ಹೀಗೇ ಕೂಡಿಸಿದ್ದರು. ಕೂಡಿಸುವ ತುಂಡುಕೊಳವೆ ಸಣ್ಣದಿರಬೇಕು, ಬಿಗಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಮೊದಲ ಕಾಲಂ ಬಿಡಿಸಿಕೊಟ್ಟದ್ದು ಅಲ್ಲಿ ಮತ್ತೆ ಕಲೆಯುತ್ತದೆ. ಮಾವನ ಮಗ್ಗದಲ್ಲಿ ಹಳೆ ಹಾಸಿನ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದನ್ನು ನೋಡಿದ್ದೆ. ಅಷ್ಟೇ ತಾಳ್ಮೆಯ ಕೆಲಸ ಇದು.

ಒಂದೇ ಅಳತೆಯ ಎರಡು ಕಾಲಂ ಹಾಕಿ, ಹರಿವು ಅಷ್ಟೇ ಇಟ್ಟರೆ ಒತ್ತಡ ಇಮ್ಮಡಿ, ಸಮಯ ಇಮ್ಮಡಿ. ಬಿಡಿಸುವ ಶಕ್ತಿ ಮಾತ್ರ ಎರಡರ ವರ್ಗಮೂಲದಷ್ಟು, ಸುಮಾರು 1.4 ಪಟ್ಟು. ದೂರ ಸಾಗಿದಂತೆ ಅಣುಗುಂಪುಗಳ ನಡುವಿನ ಅಂತರವೇನೋ ಹೆಚ್ಚುತ್ತದೆ, ಗುಂಪುಗಳೂ ಚದುರುತ್ತಾ ಅಗಲವಾಗುತ್ತವೆ.

"ಗಿಟ್ಟಲ್ಲ ಬಿಡು" ಎಂದರು ಅಪ್ಪ. ವ್ಯಾಪಾರದ ಲೆಕ್ಕದಲ್ಲಿ ಸರಿಯೇ. ನಾನು ಮಾತ್ರ ಪಂಪಿನ ಒತ್ತಡ ನೋಡಿಕೊಂಡು, ಹರಿವು ಕೊಂಚ ತಗ್ಗಿಸಿ ಎರಡನೆಯದನ್ನೂ ಹಾಕುತ್ತೇನೆ. ಪರದೆಯ ಮೇಲೆ ಒಂದೇ ಗುಡ್ಡವಾಗಿದ್ದುದರ ನಡುವೆ ಸಣ್ಣದೊಂದು ಕಣಿವೆ ಇಳಿಯುತ್ತದೆ.