ಕೆಂಪು ಗುಂಡಿ ಒತ್ತುವವರು ಯಾರು?

ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳ ರೋಬೋಟಿಕ್ಸ್ ತಂಡಗಳ ಬಗ್ಗೆ ಬರೆದಿಟ್ಟುಕೊಂಡ ಟಿಪ್ಪಣಿಗಳು

ಹೆಲ್ಮೆಟ್ ಎಲ್ಲಿ ಬೇಕು?

ರೋಬೋಕಾನ್ ಸ್ಪರ್ಧೆಯ ನಿಯಮಗಳನ್ನು ಓದುತ್ತಿದ್ದೆ. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ವಿದ್ಯಾರ್ಥಿಗಳಿಗಾಗಿ 2002ರಲ್ಲಿ ಶುರುವಾದ ಸ್ಪರ್ಧೆ ಇದು. ಭಾರತದ ಸುತ್ತು ಹಲವು ವರ್ಷ ಪುಣೆಯ ಬಾಲೇವಾಡಿಯಲ್ಲಿ ನಡೆಯಿತು. ನಿಪ್ಪಾಣಿಯಲ್ಲಿ ಹೆದ್ದಾರಿ ಹತ್ತಿದರೆ ನೆಟ್ಟಗೆ ಅಲ್ಲಿಗೇ ದಾರಿ. ನಿಯಮಗಳು ಖಡಕ್ಕಾಗಿವೆ. ಪ್ರತಿ ರೋಬೋಗೂ ತುರ್ತು ನಿಲುಗಡೆಯ ಗುಂಡಿ ಇರಲೇಬೇಕು. ಬ್ಯಾಟರಿಯ ನಮೂದಿತ ವೋಲ್ಟೇಜ್ 24 ದಾಟಬಾರದು. ಒತ್ತಿದ ಗಾಳಿ ಬಳಸಿದರೆ ಅದಕ್ಕೂ ಮಿತಿಯಿದೆ. ಅಂಕಣಕ್ಕಿಳಿಯುವ ವಿದ್ಯಾರ್ಥಿಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಕಾಲಿಗೆ ಬೂಟು ಕಡ್ಡಾಯ.

ನನಗೆ ಬಗೆಹರಿಯದ್ದು ಇಷ್ಟು. ಪಂದ್ಯ ನಡೆಯುವುದು ಕೆಲವೇ ನಿಮಿಷ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಪೈಪು ಕತ್ತರಿಸುವುದು, ತಗಡು ಕೊರೆಯುವುದು, ಮೋಟಾರು ಪರೀಕ್ಷಿಸುವುದು, ಬ್ಯಾಟರಿ ಚಾರ್ಜು ಮಾಡುವುದು ಎಲ್ಲ ನಡೆಯುವುದು ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ. ಅಲ್ಲಿ ಕಟರ್ ಮಷೀನಿನ ಕಿಡಿ ಹಾರುತ್ತದೆ, ಹೆಲ್ಮೆಟ್ ಮಾತ್ರ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಅಪಾಯ ಹೆಚ್ಚಿರುವ ಕಡೆ ರಕ್ಷಣೆ ಕಡಿಮೆ, ತೀರ್ಪುಗಾರರಿರುವ ಕಡೆ ರಕ್ಷಣೆ ಹೆಚ್ಚು. ಹಾಗಾದರೆ ನಮ್ಮ ಮಕ್ಕಳು ಹೆಲ್ಮೆಟ್ ಹಾಕುವುದು ತಲೆಗೋ, ತೀರ್ಪುಗಾರರಿಗೋ?

ಬಾಗಿಲ ಹೊರಗಿನ ಚಪ್ಪಲಿ

2016ರಲ್ಲಿ ಶುರುವಾದ ಅಟಲ್ ಇನ್ನೋವೇಶನ್ ಮಿಷನ್ ಅಡಿ ಆಯ್ಕೆಯಾದ ಶಾಲೆಗೆ ಲ್ಯಾಬ್ ಕಟ್ಟಲು 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಆರನೆಯ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳಿಗೆ ಆರ್ಡುಯಿನೋ, ಸೆನ್ಸರ್, 3ಡಿ ಪ್ರಿಂಟರ್, ಸೋಲ್ಡರಿಂಗ್ ಸಾಮಾನು ಎಲ್ಲ ಕೈಗೆ ಬರುತ್ತವೆ. ಒಳ್ಳೆಯದೇ. ಹಳ್ಳಿಯ ಹುಡುಗಿಯೊಬ್ಬಳು ತಾನೇ ಬರೆದ ಪ್ರೋಗ್ರಾಮಿಗೆ ಚಕ್ರ ತಿರುಗಿದ್ದನ್ನು ಕಂಡು ಹಿಗ್ಗುವುದನ್ನು ನೋಡಿದವರು ಈ ಖರ್ಚನ್ನು ಪ್ರಶ್ನಿಸಲಾರರು.

ಆದರೆ ಲ್ಯಾಬಿನ ಬಾಗಿಲಲ್ಲಿ ಸಾಲಾಗಿ ಚಪ್ಪಲಿ ಬಿಟ್ಟಿರುತ್ತಾರೆ. ಧೂಳು ಬರಬಾರದು ಎಂಬ ಕಾರಣ ಒಂದು, ವಿದ್ಯೆಯ ಜಾಗ ಎಂಬ ಭಾವನೆ ಇನ್ನೊಂದು. ಒಳಗೆ ಸೋಲ್ಡರಿಂಗ್ ಮೊನೆಯ ಶಾಖ 350 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಕರಗಿದ ಸೋಲ್ಡರ್ ಹನಿ ಬಿದ್ದರೆ ಬರಿಗಾಲಿನ ಮೇಲೆಯೇ. ಕೊರೆದ ತಗಡಿನ ಚೂರು ಚುಚ್ಚುವುದೂ ಅಲ್ಲಿಗೇ.

ಅಥಣಿ ಚಪ್ಪಲಿಯ ಊರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು, ಬೆಳಗಾವಿಯೂ ಒಂದು. ಯಾವ ನೆಲಕ್ಕೆ ಯಾವ ಅಟ್ಟೆ ಬೇಕೆಂದು ತಲೆಮಾರುಗಳಿಂದ ಬಲ್ಲ ಸೀಮೆ ಇದು. ಇಂಥ ಸೀಮೆಯ ಮಕ್ಕಳು ಕಾದ ಲೋಹದ ಕೆಳಗೆ ಬರಿಗಾಲಲ್ಲಿ ನಿಲ್ಲುವುದೇಕೆ? ಗೌರವವನ್ನೂ ಉಳಿಸಿಕೊಂಡು ಕಾಲನ್ನೂ ಉಳಿಸಿಕೊಳ್ಳುವ ದಾರಿ ಸುಲಭವಿದೆ: ಲ್ಯಾಬಿನೊಳಗೇ ಇರುವ, ಹೊರಗೆ ಹಾಕಿಕೊಂಡು ಹೋಗದ ಮುಚ್ಚಿದ ಬೂಟುಗಳು. ನಾಲ್ಕಾರು ಅಳತೆಯವು ಇದ್ದರೆ ಸಾಕು. 20 ಲಕ್ಷದಲ್ಲಿ ಇದೇನೂ ದೊಡ್ಡ ಬಾಬಲ್ಲ.

ಕೈಗವಸಿನ ಗೊಂದಲ

ಸುರಕ್ಷತೆ ಎಂದೊಡನೆ ಎಲ್ಲರೂ ಗ್ಲೌಸ್ ಎನ್ನುತ್ತಾರೆ. ತಿರುಗುವ ಡ್ರಿಲ್ಲಿನ ಮುಂದೆ ಗ್ಲೌಸ್ ಹಾಕಬಾರದು; ಬಟ್ಟೆಯ ಎಳೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ವೇಲ್, ಬಿಚ್ಚಿದ ಜಡೆ, ಸಡಿಲ ತೋಳು, ಮಣಿಕಟ್ಟಿನ ದಾರ, ಬಳೆ ಇವಕ್ಕೂ ಅದೇ ಮಾತು. ಮಗಳ ಕೈಯಲ್ಲಿ ದೇವರ ದಾರ ಕಟ್ಟಿ ಕಳಿಸುವ ತಾಯಿಗೆ ಇದನ್ನು ಹೇಗೆ ಹೇಳುವುದು? ಜಾತ್ರೆಯಲ್ಲಿ ಕಟ್ಟಿದ ದಾರ ಬಿಚ್ಚು ಎಂದರೆ ಯಾರೂ ಬಿಚ್ಚರು. ತೋಳಿಗೆ ಕಟ್ಟಿಕೋ, ಮೇಲೆ ಬಿಗಿಯಾದ ಅಂಗಿ ಹಾಕು ಎಂದರೆ ಒಪ್ಪುತ್ತಾರೆ. ನಿಯಮ ಮಾಡುವವರು ಮನೆಯವರ ಜೊತೆ ಒಂದು ಮಾತು ಆಡಿದರೆ ಎಷ್ಟೋ ಜಗಳ ತಪ್ಪುತ್ತದೆ.

ಉಗಾರದ ದಾರಿಯಲ್ಲಿ

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಇದೆ, 1939ರಲ್ಲಿ ಸ್ಥಾಪನೆಯಾದದ್ದು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಈ ಐದೂ ತಾಲ್ಲೂಕುಗಳಲ್ಲಿ ಕಬ್ಬು, ಕಾರ್ಖಾನೆ, ಟ್ರ್ಯಾಲಿ ಇಲ್ಲದ ಬದುಕೇ ಇಲ್ಲ. ರೋಬೋ ಕಟ್ಟುವ ಎಷ್ಟೋ ಮಕ್ಕಳ ಅಪ್ಪ, ಕಾಕಾ ಕಾರ್ಖಾನೆಯಲ್ಲಿ ದುಡಿದವರೇ.

ಕಾರ್ಖಾನೆಗಳನ್ನು ದಶಕಗಳ ಕಾಲ ಆಳಿದ್ದು 1948ರ ಫ್ಯಾಕ್ಟರಿ ಕಾಯ್ದೆ. ಈಗ ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯ 22ನೆಯ ಕಲಮು ಚಲಿಸುವ ಯಂತ್ರದ ಹತ್ತಿರ ಹೋಗುವವನು ತರಬೇತಿ ಪಡೆದಿರಬೇಕು, ಬಿಗಿಯಾದ ಉಡುಪು ಧರಿಸಿರಬೇಕು ಎನ್ನುತ್ತಿತ್ತು. 23ನೆಯದು ಇನ್ನೂ ಸ್ಪಷ್ಟವಾಗಿತ್ತು. ಅಪಾಯಕಾರಿ ಯಂತ್ರದ ಮೇಲೆ ಹದಿನೆಂಟರೊಳಗಿನವರು ಕೆಲಸ ಮಾಡಬೇಕಾದರೆ ಅದರ ಅಪಾಯಗಳನ್ನು ಪೂರ್ತಿ ತಿಳಿಸಿರಬೇಕಿತ್ತು. ಸಾಕಷ್ಟು ತರಬೇತಿ ಆಗಿರಬೇಕು, ಇಲ್ಲವೇ ಬಲ್ಲವರೊಬ್ಬರ ಮೇಲ್ವಿಚಾರಣೆ ಇರಬೇಕಿತ್ತು.

ಅದೇ ವಯಸ್ಸಿನ ಹುಡುಗ ಶಾಲೆಯ ಲ್ಯಾಬಿನಲ್ಲಿ ಅಂಥದೇ ಡ್ರಿಲ್ಲು ಹಿಡಿದರೆ? ಅವನು ಕಾರ್ಮಿಕನಲ್ಲ, ಆ ಕಲಮು ಅವನಿಗೆ ತಾಗುವುದಿಲ್ಲ. ಕೂಲಿಯ ಹುಡುಗನಿಗೆ 1948ರಲ್ಲೇ ಕಾಗದದ ಮೇಲೆ ಸಿಕ್ಕ ರಕ್ಷಣೆ ಕಲಿಯುವ ಹುಡುಗನಿಗೆ ಶಿಕ್ಷಕರ ಕಾಳಜಿಯಿಂದ ಮಾತ್ರ ಸಿಗಬೇಕು. ಇದು ನನ್ನನ್ನು ಬಹಳ ಕಾಡಿದೆ. ಯಾವ ತಂಡ ಬೇಕಾದರೂ ಈ ಕಲಮಿನ ಮಾತನ್ನು ಕನ್ನಡದಲ್ಲಿ ಬರೆದು ತನ್ನ ಗೋಡೆಗೆ ಹಚ್ಚಿಕೊಳ್ಳಬಹುದು. ಹಾಗೆಂದೇ ಇನ್ನೊಂದು ಟಿಪ್ಪಣಿ: ಕನ್ನಡ, ಮರಾಠಿ ಆಡುವ ಮಕ್ಕಳ ಲ್ಯಾಬಿನಲ್ಲಿ ಸುರಕ್ಷತೆಯ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ಅಧಿಕಾರಿಗಳಿಗಾಗಿ ಹಾಕಿದ ಫಲಕ.

ರಾಶಿ ಮಷೀನಿನ ಪಾಠ

ರಾಯಬಾಗದ ಹೊಲಗಳಲ್ಲಿ ಸುಗ್ಗಿಗೆ ರಾಶಿ ಮಷೀನು ಬರುತ್ತದೆ. ದೇಶದಲ್ಲಿ ಎಷ್ಟೋ ಜನರ ಕೈ ತೆಗೆದುಕೊಂಡ ಯಂತ್ರ ಇದು. ಇದಕ್ಕಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿತು. ಪರಿಹಾರ ಬಹಳ ಸರಳ: ತೆನೆ ಹಾಕುವ ನಾಳವನ್ನು ಕನಿಷ್ಠ 90 ಸೆಂಟಿಮೀಟರ್ ಉದ್ದ ಮಾಡಿ, ಅದರಲ್ಲಿ 45 ಸೆಂಟಿಮೀಟರನ್ನು ಮೇಲಿನಿಂದ ಮುಚ್ಚಬೇಕು. ಆಗ ಎಷ್ಟೇ ದಣಿದವನಾದರೂ, ಎಷ್ಟೇ ಮೈಮರೆತವನಾದರೂ ಅವನ ಕೈ ಹಲ್ಲಿನವರೆಗೆ ಮುಟ್ಟುವುದೇ ಇಲ್ಲ.

ಹುಷಾರಾಗಿರು ಎಂದು ಹೇಳುವುದಕ್ಕೂ, ಹುಷಾರಿಲ್ಲದಿದ್ದರೂ ಪೆಟ್ಟಾಗದಂತೆ ಕಟ್ಟುವುದಕ್ಕೂ ಇರುವ ಅಂತರ ಇಲ್ಲಿದೆ. ರೋಬೋ ತಂಡದ ಮಕ್ಕಳು ಇದನ್ನು ಹೊಲದಲ್ಲೇ ಅಳೆದು ನೋಡಬಹುದು. ಆಮೇಲೆ ತಮ್ಮ ರೋಬೋದ ಚೈನು, ಗೇರುಗಳಿಗೆ ಮುಚ್ಚಳ ಇದೆಯೇ, ಬೆರಳು ಎಲ್ಲಿವರೆಗೆ ಹೋಗುತ್ತದೆ ಎಂದು ನೋಡಿಕೊಳ್ಳಲಿ.

ಎಲ್‌ಸಿ

ವಿದ್ಯುತ್ ಕಂಪನಿ ಹೆಸ್ಕಾಂನ ಲೈನ್‌ಮನ್ ಕಂಬ ಹತ್ತುವ ಮುಂಚೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾನೆ. ಲೈನು ಬಂದ್ ಆಗಿದೆ ಎಂದು ಉಪಕೇಂದ್ರ ಖಾತ್ರಿ ಕೊಡಬೇಕು. ಎಲ್‌ಸಿ ತೆಗೆದುಕೊಂಡವನೇ ಕೆಳಗಿಳಿದು ಅದನ್ನು ಹಿಂದಿರುಗಿಸಬೇಕು; ಅಲ್ಲಿಯವರೆಗೆ ಲೈನು ಹಾಕುವಂತಿಲ್ಲ. ಇಂತಿಷ್ಟು ಗಂಟೆಗೆ ಹಾಕಿಬಿಡಿ ಎಂಬ ಒಪ್ಪಂದಕ್ಕೆ ಇಲ್ಲಿ ಜಾಗವಿಲ್ಲ. ಈ ಶಿಸ್ತು ತಪ್ಪಿದ ಕಡೆಗಳಲ್ಲಿ ಜೀವಗಳು ಹೋಗಿವೆ, ಅದನ್ನು ಈ ಸೀಮೆಯ ಪ್ರತಿ ರೈತನೂ ಬಲ್ಲ.

ಇದನ್ನೇ ಲ್ಯಾಬಿಗೆ ತಂದರೆ? ರೋಬೋದೊಳಗೆ ಕೈ ಹಾಕುವವರು ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತು ತಮ್ಮ ಜೇಬಿನಲ್ಲೋ ಕಣ್ಣೆದುರಲ್ಲೋ ಇಟ್ಟುಕೊಳ್ಳಬೇಕು. ಅವರೇ ಮರಳಿ ಜೋಡಿಸಬೇಕು, ಬೇರೆ ಯಾರೂ ಕೂಡದು. ಇದಕ್ಕೆ ಬೀಗ ಬೇಕಿಲ್ಲ, ಹಣ ಬೇಕಿಲ್ಲ.

ದೂರದ ಎರಡು ಸಾವುಗಳನ್ನು ಇಲ್ಲಿ ಬರೆದುಕೊಳ್ಳುತ್ತೇನೆ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್‌ನ ಫೋರ್ಡ್ ಕಾರ್ಖಾನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕ ಬಿಡಿಭಾಗ ತರಲು ಕಪಾಟಿನ ಮೇಲೆ ಹತ್ತಿದಾಗ ರೋಬೋದ ತೋಳು ಬಡಿದು ಸತ್ತ. 1981ರಲ್ಲಿ ಜಪಾನಿನ ಕಾವಾಸಾಕಿ ಕಾರ್ಖಾನೆಯಲ್ಲಿ ಕೆಂಜಿ ಉರಾಡಾ, ಪೂರ್ತಿ ಬಂದ್ ಆಗದ ರೋಬೋದ ಬೇಲಿಯೊಳಗೆ ಹೋಗಿ ಸತ್ತ. ಇಬ್ಬರೂ ಹೋದದ್ದು ಸಣ್ಣ ಕೆಲಸಕ್ಕೆ. ಚಿಕ್ಕೋಡಿಯ ಕಂಬದ ಕೆಳಗೆ ಪ್ರತಿದಿನ ಪಾಲಿಸುವ ನಿಯಮ ಅಲ್ಲಿದ್ದಿದ್ದರೆ ಅವರು ಮನೆಗೆ ಹೋಗುತ್ತಿದ್ದರು.

ವಖಾರಿಯ ಗಾಳಿ

ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಹೆಣ್ಣುಮಕ್ಕಳು ಮೂಗಿಗೆ ಸೀರೆ ಸೆರಗು ಕಟ್ಟಿಕೊಂಡು ದುಡಿದ ಕಾಲ ದೊಡ್ಡದು. ಅಂದಂದಿಗೆ ಕಾಣದ, ವರ್ಷಗಳ ಮೇಲೆ ಎದೆಯಲ್ಲಿ ಕೂರುವ ಪೆಟ್ಟು ಅದು. ಸೋಲ್ಡರಿಂಗ್ ಮಾಡುವಾಗ ರಾಳ ಸುಟ್ಟು ಏಳುವ ಬಿಳಿ ಹೊಗೆಯೂ ಅಂಥದೇ. ದಿನವೂ ಉಸಿರಾಡಿದರೆ ಅಸ್ತಮಾ ಹಿಡಿಯಬಹುದು. ಕಿಟಕಿ ತೆರೆದಿರಬೇಕು, ಮುಖ ಹೊಗೆಯ ಮೇಲೆ ಬಾಗಬಾರದು, ಹೊಗೆ ಎಳೆಯುವ ಸಣ್ಣ ಫ್ಯಾನಿರಬೇಕು. ರಕ್ತ ಬಂದರೆ ಓಡಿ ಬರುವ ನಾವು ಹೊಗೆಗೆ ಯಾಕೆ ಸುಮ್ಮನಿರುತ್ತೇವೆ?

ಸಣ್ಣವರ ಮಾತು

ಚಿಕ್ಕೋಡಿಯಲ್ಲಿ ಕೆಎಲ್‌ಇ ಇಂಜಿನಿಯರಿಂಗ್ ಕಾಲೇಜಿದೆ, ನಿಪ್ಪಾಣಿಯಲ್ಲಿ ವಿಎಸ್‌ಎಂ ಸಂಸ್ಥೆಯದಿದೆ. ಇಂಥ ಯಾವ ಊರಿನ ಕಾಲೇಜಿನಲ್ಲೂ ತಂಡದ ರಚನೆ ಒಂದೇ: ಕೊನೆಯ ವರ್ಷದವರು ಮೇಲೆ, ಮೊದಲ ವರ್ಷದವರು ಸ್ಪ್ಯಾನರ್ ಎತ್ತಿಕೊಡುವವರು. ಎಲ್ಲರಿಗೂ ಹಿರಿಯರೆಂದರೆ ಅಣ್ಣಾ, ಅಕ್ಕಾ. ಈ ಗೌರವ ನನಗೆ ಪ್ರಿಯವಾದದ್ದು. ಇದೇ ಬಾಯಿ ಕಟ್ಟುವುದೂ ಉಂಟು.

ಬ್ಯಾಟರಿ ಉಬ್ಬಿದ್ದನ್ನು ಮೊದಲು ಕಾಣುವುದು ಅದರ ಹತ್ತಿರ ಕುಳಿತ ಕಿರಿಯವನೇ. “ಅಣ್ಣಾ, ಒಂದೀಟ್ ನಿಂದರ್ಸ್ರಿ, ಇದು ಉಬ್ಬೇತಿ” ಎಂದು ಅವನು ಹೇಳಬೇಕು. “ಏನಾಗೂದಿಲ್ಲ ಬಿಡೊ” ಎಂಬ ಉತ್ತರ ಒಮ್ಮೆ ಬಂತೆಂದರೆ ಅವನು ಮುಂದಿನ ಸಲ ಹೇಳುವುದಿಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ 4.2 ವೋಲ್ಟ್ ದಾಟಬಾರದು. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಚಾರ್ಜು ಮಾಡುವಾಗ ಬಿಟ್ಟು ಹೋಗಬಾರದು. ಈ ಮೂರೂ ಎಲ್ಲರಿಗೂ ಗೊತ್ತು. ಬೆಂಕಿ ಹತ್ತುವುದು ತಿಳಿವಳಿಕೆ ಇಲ್ಲದ್ದರಿಂದ ಅಲ್ಲ, ಗೊತ್ತಿದ್ದವನು ಸುಮ್ಮನಿದ್ದದ್ದರಿಂದ.

ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ ಕಂಪನಿಯ ಉತ್ಪಾದನಾ ಪದ್ಧತಿಯಲ್ಲಿ ಸಾಲಿನಲ್ಲಿ ನಿಂತ ಯಾವ ಕಾರ್ಮಿಕನಾದರೂ ತೊಂದರೆ ಕಂಡಾಗ ದಾರ ಎಳೆದು ಕರೆಯಬಹುದು, ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಹೊಸಬನಿಗೂ ಆ ಹಕ್ಕಿದೆ. ನಮ್ಮ ರೋಬೋಗಳ ಕೆಂಪು ಗುಂಡಿ ಯಾರ ಕೈಗಳಿಗೆ ಮೀಸಲು?

ಸ್ಪರ್ಧೆಯ ಹಿಂದಿನ ರಾತ್ರಿ

ನಾಳೆ ಬಸ್ಸು, ಇವತ್ತು ಚಕ್ರ ತಿರುಗುತ್ತಿಲ್ಲ. ನಿದ್ದೆಗೆಟ್ಟ ಕಣ್ಣು, ಹೊತ್ತು ಮೀರಿದ ಗಡಿಬಿಡಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಓಡಿಸುವವರ ಮನೆಯ ಮಕ್ಕಳಿಗೆ ನಿದ್ದೆಗೇಡಿನ ಬೆಲೆ ತಿಳಿಯದೆ ಇಲ್ಲ. ರಾತ್ರಿ ಹತ್ತರ ನಂತರ ಕತ್ತರಿಸುವ, ಕೊರೆಯುವ ಯಂತ್ರ ಮುಟ್ಟುವಂತಿಲ್ಲ ಎಂದು ಮೊದಲೇ ಠರಾವು ಮಾಡಿದ ತಂಡ ಒಂದು ಸ್ಪರ್ಧೆ ಸೋಲಬಹುದು. ಸೋಲಲಿ. ಮುಂದಿನ ವರ್ಷವೂ ಹತ್ತು ಬೆರಳು ಇರುತ್ತವೆ.

ತಪ್ಪಿದ ಪೆಟ್ಟಿನ ವಹಿ

ಪೆಟ್ಟಾದರೆ ಎಲ್ಲರಿಗೂ ತಿಳಿಯುತ್ತದೆ. ಕೂದಲೆಳೆಯಲ್ಲಿ ತಪ್ಪಿದ್ದು ತಿಳಿಯುವುದಿಲ್ಲ, ಏಕೆಂದರೆ ಹೇಳಿದರೆ ಬೈಗುಳ. ಲ್ಯಾಬಿನಲ್ಲಿ ಒಂದು ವಹಿ ಇಡಬೇಕು: ಏನಾಗಲಿತ್ತು, ಯಾಕೆ ತಪ್ಪಿತು, ಏನು ಬದಲಿಸಿದೆವು. ಹೆಸರು ಬರೆಯುವುದು ಬೇಡ. ಬರೆದದ್ದಕ್ಕೆ ಶಿಕ್ಷೆ ಇಲ್ಲ ಎಂದು ಹೆಡ್‌ಮಾಸ್ತರು ಮೊದಲ ಪುಟದಲ್ಲಿ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ವಹಿ ಖಾಲಿ ಉಳಿಯುತ್ತದೆ, ಖಾಲಿ ವಹಿ ಕಂಡು ನಾವು ಎಲ್ಲ ಕ್ಷೇಮ ಎಂದುಕೊಳ್ಳುತ್ತೇವೆ.

ಖಂಡೇಪೂಜೆ

ಮಹಾನವಮಿಗೆ ಈ ಭಾಗದಲ್ಲಿ ಕುಡುಗೋಲಿನಿಂದ ಕಂಪ್ಯೂಟರಿನವರೆಗೆ ಎಲ್ಲಕ್ಕೂ ಪೂಜೆ. ಯಂತ್ರಗಳನ್ನು ಒರೆಸಿ, ತೊಳೆದು, ಕುಂಕುಮ ಹಚ್ಚಿ, ಹೂವೇರಿಸುತ್ತಾರೆ. ಆ ದಿನ ಯಂತ್ರ ನಡೆಸುವುದಿಲ್ಲ. ಮರುದಿನ ಅದೇ ಯಂತ್ರದ ಮುಚ್ಚಳ ತೆಗೆದಿಟ್ಟು ಓಡಿಸುತ್ತೇವೆ. ಕೈ ಮುಗಿಯುವ ಭಕ್ತಿ ಕೈ ಕಾಯುವ ಎಚ್ಚರವಾಗಿ ಬೆಳೆಯುವುದು ಎಲ್ಲಿ ನಿಂತುಹೋಗುತ್ತದೆ? ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ಆದರೆ ಜಾಗ ಕಂಡಿದೆ. ಯಂತ್ರಗಳೆಲ್ಲ ನಿಂತು, ತಂಡವೆಲ್ಲ ಸೇರುವ ದಿನ ಅದೊಂದೇ. ಹೂವೇರಿಸುವ ಮುಂಚೆ ಹರಿದ ವೈರು ಬದಲಿಸಲಿ, ಉಬ್ಬಿದ ಬ್ಯಾಟರಿ ಹೊರಗಿಡಲಿ, ಪ್ರತಿ ಕೆಂಪು ಗುಂಡಿಯನ್ನೂ ಒತ್ತಿ ಪರೀಕ್ಷಿಸಲಿ, ವರ್ಷದ ವಹಿಯನ್ನು ಗಟ್ಟಿಯಾಗಿ ಓದಲಿ.

ಕೊನೆಗೆ ಒಂದು ಪ್ರಶ್ನೆ

ತಂಡ ಎಷ್ಟು ಸುರಕ್ಷಿತ ಎಂದು ತಿಳಿಯಲು ಗಾಗಲ್ಸ್ ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಈಗ ಕೇಳುವುದು ಇದನ್ನೇ: ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವರು ರೋಬೋ ನಿಲ್ಲಿಸಿದ್ದು ಯಾವಾಗ, ಆಗ ದೊಡ್ಡವರು ಏನೆಂದರು? ಉತ್ತರ ತಟ್ಟನೆ ಬಂದು, ಅದರಲ್ಲಿ ಶಹಬ್ಬಾಸ್‌ಗಿರಿ ಇದ್ದರೆ ಆ ತಂಡದಲ್ಲಿ ಸುರಕ್ಷತೆ ಬೇರೂರಿದೆ. ಅಂಥ ನೆನಪೇ ಇಲ್ಲವೆಂದರೆ ಶಿಕ್ಷಕರು ಮುಂದಿನ ಅಭ್ಯಾಸದ ದಿನವೇ ಕಿರಿಯಳೊಬ್ಬಳ ಕೈಗೆ ಗುಂಡಿ ಕೊಟ್ಟು, ಸುಮ್ಮನೆ ಅನುಮಾನ ಬಂದರೂ ಒತ್ತು ಎಂದು ಎಲ್ಲರೆದುರು ಹೇಳಬೇಕು. ಅವಳು ಒತ್ತಿದಾಗ ಏನೂ ಕೆಟ್ಟಿರದಿದ್ದರೂ ಅವಳಿಗೆ ಶಹಬ್ಬಾಸ್ ಎನ್ನಬೇಕು. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.