ಬಿಟ್ಟು ಬರಬಹುದಾದ ದೋಣಿ

ನಾನು ಕೊಂಡ ಮೊದಲ ರಿಮೋಟ್ ಹಾಯಿದೋಣಿಗೆ 2,300 ರೂಪಾಯಿ ಬಿದ್ದಿತ್ತು. ಅದು ಹಾಯಿದೋಣಿಯೇ ಅಲ್ಲ ಅಂತ ಗೊತ್ತಾಗೋಕೆ ನನಗೆ ಒಂದು ಫೋನ್ ಕಾಲ್ ಬೇಕಾಯ್ತು.

ನಮ್ಮೂರು ರಾಮಥಾಳ, ಹುನಗುಂದದ ಕಡೆ. ಆ ಹೆಸರನ್ನ ನೀವು ಕೇಳಿದ್ದರೆ ಅದು ಹನಿ ನೀರಾವರಿಯಿಂದಲೇ ಇರಬೇಕು: ನಾರಾಯಣಪುರ ಅಣೆಕಟ್ಟಿನ ಹಿನ್ನೀರನ್ನ ಮೇಲೆತ್ತಿ 24,000 ಹೆಕ್ಟೇರಿಗೆ ಪೈಪಿನಲ್ಲಿ ಹನಿಹನಿಯಾಗಿ ಕೊಡೋ ಯೋಜನೆ. ಇಂಥ ಊರಿನ ಹುಡುಗನಿಗೆ ದೋಣಿ ಹುಚ್ಚು ಹಿಡಿಸಿದವನು ನಾನೇ. ಅಣ್ಣನ ಮಗನಿಗೆ ಆಗ ಹನ್ನೊಂದು ವರ್ಷ. ಬೆಂಗಳೂರಿಗೆ ಬಂದಾಗ ಒಮ್ಮೆ ಹಲಸೂರು ಕೆರೆ ದಂಡೆ ಮೇಲೆ ನಿಲ್ಲಿಸಿ, 1985ರಿಂದ 1987ರವರೆಗೆ ನಮ್ಮ ಸೇನೆಯ ಎಂಜಿನಿಯರುಗಳು ‘ತೃಷ್ಣಾ’ ಅನ್ನೋ ಹಾಯಿದೋಣಿಯಲ್ಲಿ ಇಡೀ ಭೂಮಿ ಸುತ್ತಿ ಬಂದ ಕಥೆ ಹೇಳಿದ್ದೆ. "ಇಂಜಿನ್ ಇಲ್ಲದ ಹೆಂಗ ಕಾಕಾ?" ಅಂತ ಅವನು ಊರು ಮುಟ್ಟೋತನಕ ಕೇಳ್ತಾನೇ ಇದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಮ್ಮಂಥ ಸಂಬಳದವರು ಏನು ಮಾಡ್ತೀವಿ? ಏನಾದ್ರೂ ಆರ್ಡರ್ ಮಾಡ್ತೀವಿ.

ಪೆಟ್ಟಿಗೆ ಮೇಲೆ ಚಂದದ ಬಿಳಿ ಹಾಯಿ, ನೀಲಿ ಸಮುದ್ರ ಎಲ್ಲ ಇತ್ತು. ಒಳಗೆ ಬಂದದ್ದು ಪ್ಲಾಸ್ಟಿಕ್ ಹಾಯಿ ಸಿಕ್ಕಿಸಿದ ಮೋಟಾರು ಬೋಟು. ಹಾಯಿ ಬರೀ ಶೋಕಿಗೆ. ತಳದಲ್ಲಿ ಒಂದು ಪುಟ್ಟ ಫ್ಯಾನು, ಹತ್ತು ನಿಮಿಷದ ಬ್ಯಾಟರಿ. ನಿಜವಾದ ಹಾಯಿದೋಣಿಗೆ ಹೊಟ್ಟೆಯ ಕೆಳಗೆ ರೆಕ್ಕೆಯ ಹಾಗೆ ಒಂದು ಕೀಲ್ ಇರುತ್ತೆ, ಅದರ ತುದಿಗೆ ಸೀಸದ ಗುಂಡು. ಗಾಳಿ ಹಾಯಿಯನ್ನ ಎಷ್ಟೇ ಬಾಗಿಸಿದರೂ ಆ ಭಾರ ದೋಣಿಯನ್ನ ಎದ್ದು ನಿಲ್ಲಿಸುತ್ತೆ, ಮತ್ತು ಕೀಲ್ ಇರೋದರಿಂದಲೇ ದೋಣಿ ಪಕ್ಕಕ್ಕೆ ಜಾರದೆ ಮುಂದಕ್ಕೆ ಹೋಗುತ್ತೆ. ಇದು ನಾನು ಆಮೇಲೆ ಕಲಿತದ್ದು. ಅವತ್ತು ನೋಡಿದ್ದು ಬೆಲೆ ಮಾತ್ರ, ಇನ್ನೊಂದು ಅಂದ್ರೆ ನಾಲ್ಕೂವರೆ ಸ್ಟಾರು.

ಹೊಲದಲ್ಲಿ ನಮ್ಮದೊಂದು ಕೃಷಿ ಹೊಂಡ ಇದೆ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಒಳಗೆಲ್ಲ ಕರೀ ಪಾಲಿಥೀನ್ ಹಾಳೆ. ನೋಡೋಕೆ ಈಜುಕೊಳದ ತಮ್ಮನ ಹಾಗೆ. ಆದರೆ ಒದ್ದೆ ಹಾಳೆ ಮೇಲೆ ತೆಳ್ಳಗೆ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಕಾಲಿಟ್ಟಷ್ಟೂ ಜಾರುತ್ತೆ, ಹಿಡಿಯೋಕೆ ಒಂದು ಹುಲ್ಲುಕಡ್ಡಿ ಇರಲ್ಲ. ಅಣ್ಣ ಸುತ್ತ ತಂತಿ ಬೇಲಿ ಹಾಕಿಸಿದ್ದ, ಗೇಟಿಗೆ ಬೀಗ ಇರಲಿಲ್ಲ.

ಫೋನ್ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದರೆ ವೈನಿ, ಅಳು ಮುಗಿದ ಮೇಲಿನ ದನಿ. "ಹುಡುಗ ಅದಾನ್ರಿ, ಆರಾಮ ಅದಾನ. ಮೊದ್ಲ ಅದನ್ನ ಹೇಳ್ತೀನಿ." ದೋಣಿ ಹೊಂಡದ ನಟ್ಟನಡುವೆ ಬ್ಯಾಟರಿ ಮುಗಿದು ನಿಂತಿತ್ತು. ಗಾಳಿಗೆ ಮಗುಚಿ ಬಿತ್ತು. ಹುಡುಗ ಜೋಳದ ದಂಟು ಹಿಡಕೊಂಡು ಎಳೆಯೋಕೆ ಇಳಿದ, ಜಾರಿದ. ಕಳೆ ತೆಗೆಯೋಕೆ ಬಂದಿದ್ದ ಹೆಂಗಸೊಬ್ಬಳು ಕೂಗು ಕೇಳಿ ಓಡಿಬಂದು, ಬದುವಿನ ಮೇಲೆ ಸುತ್ತಿಟ್ಟಿದ್ದ ಡ್ರಿಪ್ ಪೈಪನ್ನ ಅವನತ್ತ ಎಸೆದಳು. ಇನ್ನಿಬ್ಬರು ಸೇರಿ ಎಳೆದರು. ಆ ಪೈಪು ಹೆಬ್ಬೆರಳಿಗಿಂತ ದಪ್ಪ ಇರಲ್ಲ.

"ಅವರು ನಿಮ್ಮ ಜೋಡಿ ಮಾತಾಡಂಗಿಲ್ಲಂತ," ಅಂದರು ವೈನಿ ಕೊನೆಗೆ. ಅವರು ಅಂದ್ರೆ ಅಣ್ಣ.

ಯುಗಾದಿಗೆ ಹೋದೆ. ಅಣ್ಣ ನಿಜವಾಗಲೂ ಮಾತಾಡಲಿಲ್ಲ. ಒಂದೇ ಸಾಲಲ್ಲಿ ಊಟಕ್ಕೆ ಕೂತರೂ "ಅವಗ ಹೋಳಿಗಿ ಹಾಕ್ರಿ" ಅಂತ ವೈನಿಗೆ ಹೇಳ್ತಿದ್ದ, ನನಗಲ್ಲ. ಹೊಂಡದ ಹತ್ತಿರ ಹೋಗಿ ನೋಡಿದೆ. ಗೇಟಿಗೆ ಬೀಗ ಬಿದ್ದಿತ್ತು. ನಾಲ್ಕೂ ಕಡೆ ಗೂಟ ಹೊಡೆದು, ಗೇಣಿಗೊಂದು ಗಂಟು ಹಾಕಿದ ಹಗ್ಗ ನೀರೊಳಗೆ ಬಿಟ್ಟಿದ್ದ. ನಡುವೆ ಗಾಳಿ ತುಂಬಿದ ಲಾರಿ ಟ್ಯೂಬು ತೇಲ್ತಿತ್ತು. (ನಿಮ್ಮ ಊರಲ್ಲೂ ಇಂಥ ಹೊಂಡ ಇದ್ದರೆ, ಈ ಪುಟ ಇಲ್ಲೇ ಮಡಚಿಟ್ಟು ಮನೆಗೊಂದು ಫೋನ್ ಮಾಡಿ: ಗಂಟಿನ ಹಗ್ಗ, ಟ್ಯೂಬು, ಬೀಗ. ಸಾವಿರ ರೂಪಾಯಿ ಖರ್ಚಿಲ್ಲ.)

ಹುಡುಗ ಮಾತ್ರ ಬದಲಾಗಿದ್ದ. ಹಬ್ಬಕ್ಕೆ ಎಲ್ಲರೂ ಕೂಡಲಸಂಗಮಕ್ಕೆ ಹೋದಾಗ ಹೊಳೆಯ ಮೆಟ್ಟಿಲು ಇಳಿಯಲೇ ಇಲ್ಲ. ಕೃಷ್ಣೆ, ಮಲಪ್ರಭೆ ಕೂಡೋ ಜಾಗದಲ್ಲಿ ಹುಟ್ಟಿ ಬೆಳೆದವನು ಚಪ್ಪಲಿ ಕಾಯ್ತೀನಿ ಅಂತ ಮೇಲೇ ಕೂತ. "ಛಲೋನ ಆತು ಬಿಡು," ಅಂದ ಅಣ್ಣ, ಯಾರಿಗೂ ಅಲ್ಲದ ಹಾಗೆ. ವೈನಿಗೆ ಅದು ಛಲೋ ಅನ್ನಿಸಿರಲಿಲ್ಲ. ರಾತ್ರಿ ನನ್ನ ಹತ್ತಿರ ಬಂದು, "ನೀರಿನ ಅಂಜಿಕಿ ನೀವ ಹಚ್ಚೀರಿ, ನೀವ ಬಿಡಸ್ರಿ," ಅಂದರು.

ಹಂಗಾಗಿ ಎರಡನೇ ದೋಣಿಯ ಹುಡುಕಾಟ. ಈ ಸಲ ಓದಿ, ಕೇಳಿ, ಕೈಯಲ್ಲಿ ಎತ್ತಿ ನೋಡಿ. ರಿಮೋಟ್ ಹಾಯಿದೋಣಿಗೆ ಎರಡೇ ಕೆಲಸ: ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತೆ, ಇನ್ನೊಂದು ಹಾಯಿಯ ದಾರ ಬಿಡುತ್ತೆ, ಎಳೆಯುತ್ತೆ. ದೂಡೋದು ಗಾಳಿಯೇ. ಬ್ಯಾಟರಿ ಆ ಎರಡು ಕೆಲಸಕ್ಕೆ ಮಾತ್ರ ಆದ್ದರಿಂದ ಸಾಮಾನ್ಯ ಪೆನ್ಸಿಲ್ ಸೆಲ್ಲಿನಲ್ಲೇ ತಾಸುಗಟ್ಟಲೆ ಓಡುತ್ತೆ. ಹೊರದೇಶಗಳಲ್ಲಿ ರೇಸು ಆಡೋರಿಗೆ ಅಳತೆಯ ಪ್ರಕಾರ ವರ್ಗಗಳಿವೆ. ಒಂದು ಮೀಟರಿನ ಐಓಎಂ ಬಹಳ ಚಂದ, ಆದರೆ ಒಳ್ಳೆಯದೊಂದು ಬೇಕಂದ್ರೆ ಬೈಕಿನ ಬೆಲೆ. 65 ಸೆಂಟಿಮೀಟರಿನ ಆರ್‌ಜಿ65 ಅನ್ನ ಮನೆಯಲ್ಲೇ ಕಟ್ಟಬಹುದು. ನಿಯಮ ಸರಳ: ಒಡಲು 65 ಸೆಂಟಿಮೀಟರ್ ಮೀರಬಾರದು, ಹಾಯಿಯ ವಿಸ್ತೀರ್ಣ 2,250 ಚದರ ಸೆಂಟಿಮೀಟರ್ ಮೀರಬಾರದು. ಶನಿವಾರ, ಭಾನುವಾರ ಕೂತು ಕಟ್ಟಬಲ್ಲೆ ಅಂತ ಒಂದು ವಾರ ನಂಬಿದ್ದೆ. ನನ್ನ ಕೈಗೆ ಕೀಬೋರ್ಡೇ ಸರಿ. ಉಳಿದದ್ದು ರೆಡಿ ಕಿಟ್‌ನಲ್ಲಿ ಬರೋ ಅದೇ ಉದ್ದದ ದೋಣಿ, ಡ್ರ್ಯಾಗನ್‌ಫೋರ್ಸ್ 65. ಜಗತ್ತಿನ ತುಂಬ ಜನ ಇದನ್ನೇ ಓಡಿಸೋದರಿಂದ ಚುಕ್ಕಾಣಿ ಮುರಿದರೆ ಚುಕ್ಕಾಣಿ, ಹಾಯಿ ಹರಿದರೆ ಹಾಯಿ ಅಂತ ಬಿಡಿಭಾಗ ಸಿಗುತ್ತೆ.

ಹೊಸದಕ್ಕೆ ಸಾಗಣೆ, ಕಸ್ಟಮ್ಸು ಸೇರಿಸಿದ್ರೆ ಎದೆ ಧಸಕ್ಕಂತು. ಅಷ್ಟರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬಂದ ಸಹೋದ್ಯೋಗಿಯೊಬ್ಬರ ಮನೆಯ ಅಟ್ಟದ ಮೇಲೆ ಒಂದು ಇದೆ ಅಂತ ಗೊತ್ತಾಯ್ತು. ದೊಡ್ಡ ಹಾಯಿ ಒಂದು ಜೊತೆ, ಜೋರು ಗಾಳಿಗೆ ಸಣ್ಣದು ಒಂದು ಜೊತೆ, ಎಲ್ಲ ಸೇರಿ 12,000 ಅಂದರು. ದುಡ್ಡು ಕೊಡೋ ಮೊದಲು ಅಣ್ಣನನ್ನ ಕೇಳಬೇಕು ಅನ್ನಿಸ್ತು. ಅದಕ್ಕೆ ಧೈರ್ಯ ತಗೊಳ್ಳೋಕೆ ಹದಿನೈದು ದಿನ ಹಿಡೀತು.

ಫೋನಲ್ಲಿ ಬಹಳ ಹೊತ್ತು ಅಣ್ಣ ಏನೂ ಅನ್ನಲಿಲ್ಲ. ಹಿಂದೆ ಎಮ್ಮೆ ಕೂಗಿದ್ದು ಕೇಳಿಸ್ತು. ಆಮೇಲೆ, "ಹೊಂಡದಾಗ ಬ್ಯಾಡ. ಹುಡುಗ ಒಬ್ನ ಬ್ಯಾಡ. ಮತ್ತ ಅದು ನೀರಾಗ ಸಿಕ್ಕೊಂಡ್ರ, ಬಿಟ್ಟು ಬರಬೇಕು. ಬಿಟ್ಟು ಬರೂವಷ್ಟ ಸೋವಿ ಇದ್ರ ತಗೋ."

ಮೂರನೇ ಷರತ್ತಿನ ಮುಂದೆ ನಾನು ಓದಿದ ಎಲ್ಲ ವಿಮರ್ಶೆಗಳೂ ಸಪ್ಪೆ. 12,000 ನೀರಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಬರಬಲ್ಲೆನಾ? ಸಂಬಳ, ಇಎಂಐ, ಎಲ್ಲ ಲೆಕ್ಕ ಹಾಕಿದೆ. ಹೊಟ್ಟೆ ಉರಿಯುತ್ತೆ, ಆದರೆ ಬರಬಲ್ಲೆ ಅನ್ನಿಸ್ತು. ಹೊಸದಾಗಿದ್ದರೆ ಖಂಡಿತ ನಾನೇ ನೀರಿಗೆ ಇಳಿದಿರ್ತಿದ್ದೆ. ಸಹೋದ್ಯೋಗಿ ಹತ್ತಿರ ಚೌಕಾಸಿ ಮಾಡಿ 11,000ಕ್ಕೆ ತಂದೆ.

ಜಾಗ ಹುಡುಕಿದ್ದು ಅಣ್ಣನೇ. ಬಾದಾಮಿಯ ಅಗಸ್ತ್ಯ ತೀರ್ಥ ನನ್ನ ಮನಸ್ಸಲ್ಲಿತ್ತು: ಕೆಂಪು ಬಂಡೆ, ಭೂತನಾಥ ಗುಡಿ, ಎಂಥ ಫೋಟೋ ಬರ್ತಿತ್ತು! "ಗುಡ್ಡದ ನಡುವ ಗಾಳಿ ತಿರಗತೈತಿ," ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ. ಆಮೇಲೆ ಓದಿದರೆ ಅವನು ಹೇಳಿದ್ದೇ ಸರಿ, ಗುಡ್ಡ, ಎತ್ತರದ ಏರಿ ಇದ್ದಲ್ಲಿ ಗಾಳಿ ಸುಳಿ ಸುತ್ತುತ್ತೆ, ಸಣ್ಣ ದೋಣಿಗೆ ದಿಕ್ಕೇ ತಿಳಿಯಲ್ಲ. ಅವನು ತೋರಿಸಿದ್ದು ಹಿನ್ನೀರಿನ ಒಂದು ಚಾಚು. ಇಳಿಜಾರು ಕಡಿಮೆ, ಗರಸು ನೆಲ. ನಾವು ಮೂಡಣ ದಂಡೆಯಲ್ಲಿ ನಿಂತೆವು. ಆಷಾಢದ ಗಾಳಿ ಪಡುವಣದಿಂದ ಬರುತ್ತೆ, ದೋಣಿ ಕೆಟ್ಟು ನಿಂತರೂ ನಮ್ಮ ಕಡೆಗೇ ತೇಲಿ ಬರಲಿ ಅಂತ.

ದೊಡ್ಡ ಹಾಯಿ ಕಟ್ಟೋಕೆ ಹೊರಟಿದ್ದೆ. "ಈ ಗಾಳಿಗೆ ಅಷ್ಟು ದೊಡ್ಡ ಅರಿವಿ ಬ್ಯಾಡೋ," ಅಂದ ಅಣ್ಣ. ಆರೇಳು ತಿಂಗಳಲ್ಲಿ ಎದುರಿಗೆ ನಿಂತು ನನಗೇ ಅಂತ ಆಡಿದ ಮೊದಲ ಮಾತು. ಸಣ್ಣದನ್ನೇ ಕಟ್ಟಿದೆ.

ದೋಣಿ ಬಾಗಿತು, ಎದ್ದಿತು, ಹೊರಟಿತು. ಹುಡುಗ ನೀರಿನಿಂದ ಹತ್ತು ಹೆಜ್ಜೆ ಹಿಂದೆ ನಿಂತಿದ್ದ. ಗಾಳಿಗೆ ಎದುರಾಗಿ ನೇರ ಹೋಗೋಕೆ ಯಾವ ಹಾಯಿದೋಣಿಗೂ ಆಗಲ್ಲ, ಓರೆಯಾಗಿ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಅಂತ ಹಾವಿನ ಹಾಗೆ ಹೋಗಬೇಕು ಅಂತ ತೋರಿಸ್ತಾ ಇದ್ದೆ. ಅವನು ಐದು ಹೆಜ್ಜೆ ಮುಂದೆ ಬಂದ. ರಿಮೋಟ್ ತಗೊಂಡ. ಎರಡು ಸಲ ತಿರುಗಿಸಿದ. ಮೂರನೇ ಸಲಕ್ಕೆ ದೋಣಿ ಗಕ್ಕನೆ ನಿಂತಿತು. ನೀರೊಳಗಿನ ಬಳ್ಳಿ ಕೀಲ್‌ಗೆ ಸುತ್ತಿಕೊಂಡಿತ್ತು. ದಂಡೆಯಿಂದ ನಲವತ್ತು ಅಡಿ. ನಮ್ಮ ಕಡೆ ತೇಲಿ ಬರುತ್ತೆ ಅನ್ನೋ ನನ್ನ ಲೆಕ್ಕದಲ್ಲಿ ಬಳ್ಳಿ ಇರಲಿಲ್ಲ.

ಯಾರೂ ಮಾತಾಡಲಿಲ್ಲ. ನಾನು ಪ್ಯಾಂಟಿನ ಅಂಚು ನೋಡಿಕೊಂಡೆ. ಬರೀ ನೋಡಿಕೊಂಡೆ ಅಂತ ಹೇಳಿದರೆ ಸುಳ್ಳಾಗುತ್ತೆ, ಒಂದು ಸುತ್ತು ಮಡಚಿದ್ದೆ. ಹುಡುಗ ನನ್ನ ಕೈ ಹಿಡಿದ. "ಬಿಡು ಕಾಕಾ. ಹೋಗೂಣು."

ರಿಮೋಟ್ ಆಫ್ ಮಾಡಿ ನಡೆದೆವು. ಗಾಡಿಯ ಹತ್ತಿರ ಬಂದು ಬುತ್ತಿ ಬಿಚ್ಚಿದೆವು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅಣ್ಣ ಮಗನ ತಟ್ಟೆಗೆ ಎರಡು ಸಲ ಮೊಸರು ಹಾಕಿದ, ಅವನು ಬೇಡ ಅಂದರೂ. ಮುಕ್ಕಾಲು ತಾಸಾದ ಮೇಲೆ ಮೀನುಗಾರನೊಬ್ಬ ಹರಿಗೋಲು ಸುತ್ತಿಸ್ತಾ ದಂಡೆಗೆ ಬಂದ. ಬಲೆಯ ಮೇಲೆ ನಮ್ಮ ದೋಣಿ ಮಲಗಿತ್ತು. "ಯಾರದ್ರಿ ಈ ಸಾಮಾನು? ಮುಳುಗಿಲ್ಲ ನೋಡ್ರಿ, ನಿಂತ ಐತಿ," ಅಂತ ಅದರ ಸೀಸದ ಗುಂಡನ್ನ ಬೆರಳಲ್ಲಿ ಬಡಿದು ನೋಡಿದ. ಅವನ ಹರಿಗೋಲಿಗೆ ಕೀಲೂ ಇಲ್ಲ, ಹಾಯಿಯೂ ಇಲ್ಲ, ಮೂತಿ ಯಾವುದು ಹಿಂಬದಿ ಯಾವುದು ಅಂತಲೂ ಇಲ್ಲ. ನೂರು ರೂಪಾಯಿ ಕೊಡೋಕೆ ಹೋದರೆ ಬ್ಯಾಡ ಅಂದ, ರೊಟ್ಟಿ ತಗೊಂಡ. ಬಳ್ಳಿ ಎಲ್ಲಿಂದ ಎಲ್ಲಿಗೆ ಇದೆ ಅಂತ ಕೈ ಮಾಡಿ ತೋರಿಸಿದ.

ಅವನು ತೋರಿಸಿದ ಕಡೆ ಬಿಟ್ಟು ದೋಣಿಯನ್ನ ಮತ್ತೆ ನೀರಿಗೆ ಬಿಟ್ಟೆವು. ಈ ಸಲ ರಿಮೋಟ್ ಅಣ್ಣನ ಕೈಗೆ ಹೋಯ್ತು, ಹೇಗೆ ಹೋಯ್ತು ಅಂತ ನನಗೆ ನೆನಪಿಲ್ಲ. ಕಣದಲ್ಲಿ ರಾಶಿ ತೂರಿದ ಮನುಷ್ಯ ಅವನು. ಗಾಳಿ ಬರೋ ಮೊದಲೇ ನೀರಿನ ಮೇಲೆ ಕಪ್ಪು ಗೆರೆ ಓಡೋದನ್ನ ನೋಡಿ ದಾರ ಸಡಿಲ ಬಿಡ್ತಿದ್ದ. ನಾನು ಮೂರು ತಿಂಗಳು ಓದಿದ್ದು ಅದನ್ನೇ. ಹುಡುಗ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಬಂದಿದ್ದ, ಪಾದ ಮುಳುಗುವಷ್ಟು.

"ಅಪ್ಪಾ, ನನಗೂ ಕೊಡು."

"ತಡಿಯೋ, ಇನ್ನೊಂದು ಸುತ್ತು," ಅಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ, "ಬ್ಯಾರೆ ಸೆಲ್ ತಂದೀಯೇನ?"